ಅಪ್‌ಡೇಟ್: ಹಳೇ ಬುಲೆಟ್‌ಗೆ ಗಾಳಿ ಪಂಪಿನ ಸಾಕೆಟ್ ಹಾಕಿಸಿದೆ

ಕೊಡಗಿನ ವಿರಾಜಪೇಟೆಯಿಂದ ಕೇರಳ ಗಡಿಯ ಮಾಕುಟ್ಟಕ್ಕೆ ಹೋಗೋ ಘಾಟಿ ದಾರಿಯಲ್ಲಿ ಪಂಕ್ಚರ್ ಆದರೆ ಬುಲೆಟ್ ಬೈಕಿನ ಬ್ಯಾಟರಿಯಿಂದಲೇ ಗಾಳಿ ಪಂಪ್ ಓಡಿಸಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಧಾರಾಳವಾಗಿ ಓಡುತ್ತೆ.

ಪಂಪ್ 120 ವ್ಯಾಟ್, ಅಂದ್ರೆ 12 ವೋಲ್ಟ್‌ಗೆ ಸುಮಾರು 10 ಆಂಪ್. ಮೊಬೈಲ್ ಚಾರ್ಜರಿನ ಸಣ್ಣ ವೈರು ಇದನ್ನ ತಡೆಯಲ್ಲ. ಆಗ ನಿಮ್ಮಲ್ಲಿ ಕೆಲವರು ಹೇಳಿದ ಹಾಗೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಸಿ, ಬ್ಯಾಟರಿಯ ಪ್ಲಸ್ ತುದಿ ಪಕ್ಕದಲ್ಲೇ 15 ಆಂಪ್ ಫ್ಯೂಸ್ ಕೂರಿಸಿದ್ದಾಯ್ತು. ಸಾಕೆಟ್ ಸೈಡ್ ಬಾಕ್ಸ್ ಒಳಗಿದೆ. ಕೊಡಗಿನ ಮಳೆಗೆ ಹೊರಗಿಟ್ಟರೆ ಒಂದೇ ಮುಂಗಾರಿಗೆ ಕಿಲುಬು ಹಿಡಿಯುತ್ತೆ. ಮೊಬೈಲ್ ಚಾರ್ಜರಿಗೆ ಬೇರೆ ರಿಲೇ (ಕರೆಂಟಿನಿಂದ ತಾನೇ ಆನ್-ಆಫ್ ಆಗೋ ಸ್ವಿಚ್), ಕೀ ತೆಗೆದರೆ ಆಫ್.

ಮೊನ್ನೆ ಘಾಟಿಯಲ್ಲಿ ಹಿಂದಿನ ಚಕ್ರ ಕೂತೇಬಿಡ್ತು. ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಟ್ಯೂಬ್‌ಲೆಸ್ ಥರ ತೂತಿಗೆ ರಬ್ಬರ್ ಬತ್ತಿ ತುರುಕಿ ಮುಗಿಸೋಕಾಗಲ್ಲ. ಚಕ್ರ ಬಿಚ್ಚಿ, ಲಿವರ್ ಹಾಕಿ, ಟೈರ್ ಎಬ್ಬಿಸಿ ಬೇರೆ ಟ್ಯೂಬ್ ತೂರಿಸೋ ಹೊತ್ತಿಗೆ ಬೆವರು ಇಳೀತು, ಮೇಲೆ ಜಿಗಣೆ ಕಾಟ ಬೇರೆ. ಗಾಳಿ ತುಂಬೋದು ಮಾತ್ರ ಸಲೀಸು. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸ್ತಾ, ಹೆಡ್‌ಲೈಟ್ ಆಫ್ ಮಾಡಿ, ಪಂಪ್ ಬಿಸಿಯಾದಾಗ ಸ್ವಲ್ಪ ಬಿಟ್ಟು 30 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿಸಿದೆ.

ಪಂಪಿನ ಗೇಜ್ ಪೂರ್ತಿ ನಂಬಬೇಡಿ. ವಿರಾಜಪೇಟೆಗೆ ಬಂದು ಬಂಕಿನಲ್ಲಿ ನೋಡಿಸಿದರೆ 4 ಪಿಎಸ್‌ಐ ಕಮ್ಮಿ ಇತ್ತು.