ಹುಬ್ಬಿನ ನಡುವಿನ ಗೆರೆ, ಕಣ್ಣಂಚಿನ ಸುಕ್ಕು: ಮೂರು ಚಿಕಿತ್ಸೆಯ ಪ್ಯಾಕೇಜ್ ಬೇಕಾ?

ಗೋಣಿಕೊಪ್ಪ_ಗೌರಿ:
ವಯಸ್ಸು 49, ದಿನವಿಡೀ ತೋಟದ ಕೆಲಸ. ಹುಬ್ಬಿನ ನಡುವೆ ಎರಡು ಗೆರೆ, ನಕ್ಕರೆ ಕಣ್ಣಂಚಲ್ಲಿ ಸುಕ್ಕು, ಕೆನ್ನೆಗೆ ಸ್ವಲ್ಪ ಬಂಗು. ಮೇ ಎರಡನೇ ವಾರ ಮನೆಯಲ್ಲಿ ಮದುವೆ. ಆಪರೇಶನ್ ಬೇಡ. ಮೈಸೂರಿನ ಕ್ಲಿನಿಕ್ಕಲ್ಲಿ ಬೊಟಾಕ್ಸ್ (ಸ್ನಾಯು ಸಡಿಲಿಸೋ ಸೂಜಿಮದ್ದು), ಫಿಲ್ಲರ್ (ಗೆರೆ ತುಂಬಿಸೋ ಜೆಲ್), ಪೀಲ್ (ಮದ್ದು ಹಚ್ಚಿ ಮೇಲ್ಚರ್ಮ ಸುಲಿಸೋದು) ಮೂರೂ ಸೇರಿಸಿ ಪ್ಯಾಕೇಜ್ ಅಂತಾರೆ. ಮೂರೂ ಬೇಕಾ?

ಕಾಫಿಹೂ:
ಬೇಡ ಅಕ್ಕ. ಮೊದಲು ಕನ್ನಡಿ ಮುಂದೆ ಮುಖ ಸಡಿಲ ಬಿಟ್ಟು ನೋಡಿ. ಹುಬ್ಬು ಗಂಟಿಕ್ಕಿದಾಗ ಮಾತ್ರ ಗೆರೆ ಕಂಡರೆ ಬೊಟಾಕ್ಸ್ ಸಾಕು. ಸುಮ್ಮನಿದ್ದಾಗಲೂ ಆಳವಾಗಿದ್ದರೆ ಗೆರೆ ತೆಳುವಾಗಬಹುದು, ಪೂರ್ತಿ ಮಾಯವಾಗಲ್ಲ.

ಹುಬ್ಬಿನ ನಡುವೆ ರೂಢಿಯ ಲೆಕ್ಕ 20 ಯೂನಿಟ್, 5 ಕಡೆ 4ರಂತೆ. ಕಣ್ಣಂಚಿಗೆ ಒಂದೊಂದು ಬದಿಗೆ 12. ಇದು ಬೊಟಾಕ್ಸ್ ಲೆಕ್ಕ. ಅದೇ ಥರದ ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟ್ ಆದರೆ ಹುಬ್ಬಿನ ನಡುವಿಗೇ 50, ಹಾಗಾಗಿ ಯೂನಿಟ್ ರೇಟನ್ನು ಬ್ರ್ಯಾಂಡ್ ಕೇಳದೆ ಹೋಲಿಸಬೇಡಿ. 100 ಯೂನಿಟ್ ವಯಲ್‌ಗೆ 2.5 ಎಂ.ಎಲ್. ಸಲೈನ್ ಬೆರೆಸಿದರೆ 0.1 ಎಂ.ಎಲ್.ಗೆ 4 ಯೂನಿಟ್ ಬರುತ್ತೆ. ಸಲೈನ್ ಹೆಚ್ಚಾದರೆ ಅದೇ ಎಂ.ಎಲ್.ಗೆ ಯೂನಿಟ್ ಕಮ್ಮಿ, ಅದಕ್ಕೇ "ಎಷ್ಟು ಎಂ.ಎಲ್." ಅಲ್ಲ, "ಎಷ್ಟು ಯೂನಿಟ್" ಅಂತ ಬರೆಸಿಕೊಳ್ಳಿ.

3-4 ದಿನಕ್ಕೆ ಕೆಲಸ ಶುರು, ಪೂರ್ತಿ ಗೊತ್ತಾಗೋದು 2 ವಾರಕ್ಕೆ, ಉಳಿಯೋದು 3-4 ತಿಂಗಳು. ಏಪ್ರಿಲ್ ಮೊದಲ ವಾರ ಮಾಡಿಸಿದರೆ ಕಮ್ಮಿ ಬಿದ್ದಲ್ಲಿ ಟಚ್‌ಅಪ್‌ಗೂ ಸಮಯ ಸಿಗುತ್ತೆ. ಸೂಜಿ ಹುಬ್ಬಿನ ಮೂಳೆಗೆ ತೀರ ಹತ್ತಿರ ಬಿದ್ದರೆ ಮದ್ದು ರೆಪ್ಪೆ ಎತ್ತುವ ಸ್ನಾಯುವಿಗೆ ಹರಡಿ ರೆಪ್ಪೆ ಇಳಿಬೀಳಬಹುದು; ಸರಿಹೋಗಲು ಕೆಲವು ವಾರ ಬೇಕು. ಮದುವೆ ವಾರದಲ್ಲಿ ಮಾಡಿಸಬೇಡಿ ಅನ್ನೋದು ಅದಕ್ಕೇ.

ವಿರಾಜಪೇಟೆ_ಚರ್ಮಚಿಂತೆ:
ಪೀಲ್ ಬಗ್ಗೆ ನಂದು ಖಡಾಖಂಡಿತ ಅಭಿಪ್ರಾಯ: ಬಂಗು ಇರೋ ಮುಖಕ್ಕೆ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಬೇಡ. ನಮ್ಮ ಬಣ್ಣದ ಚರ್ಮ ಸ್ವಲ್ಪ ಸುಟ್ಟರೂ ಕಪ್ಪು ಕಲೆ ಉಳಿಸಿಕೊಳ್ಳುತ್ತೆ, ಅದು ಹೋಗಲು ತಿಂಗಳುಗಟ್ಟಲೆ ಬೇಕು. ಮಳೆಗಾಲದಲ್ಲಿ ನೋಡಿಕೊಳ್ಳಿ.

ಈಗಲೇ ಶುರು ಮಾಡಬೇಕಾದ್ದು ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲೆ, ಮುಖ-ಕುತ್ತಿಗೆಗೆ ಎರಡು ಬೆರಳುದ್ದ, ಬಿಸಿಲಲ್ಲಿದ್ದರೆ 2 ಗಂಟೆಗೊಮ್ಮೆ ಮತ್ತೆ. ಬಂಗಿಗೆ ಐರನ್ ಆಕ್ಸೈಡ್ ಇರೋ ಬಣ್ಣದ ಸನ್‌ಸ್ಕ್ರೀನ್ ಒಳ್ಳೇದು, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತೆ. ಸಿಲ್ವರ್ ಓಕ್ ಮರದ ನೆರಳು, ಮೋಡ ಅಂತ ಬಿಡಬೇಡಿ. ಅಗಲ ಅಂಚಿನ ಟೋಪಿ ಬೇಕೇ ಬೇಕು.

ರಾತ್ರಿಗೆ ಡಾಕ್ಟರ್ ಬರೆದುಕೊಟ್ಟರೆ ಸುಕ್ಕಿನ ಕ್ರೀಮ್ ಟ್ರೆಟಿನಾಯಿನ್ 0.025%, ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು, ಮುಖ ಪೂರ್ತಿ ಒಣಗಿದ ಮೇಲೆ, ಮೊದಲು ವಾರಕ್ಕೆ 2-3 ಸಲ. ಜಾಸ್ತಿ ಹಚ್ಚಿದರೆ ಸಿಪ್ಪೆ ಏಳುತ್ತೆ ಅಷ್ಟೇ. ಸುಕ್ಕಿಗೆ ಫಲ ಕಾಣಲು 3-6 ತಿಂಗಳು, ಮದುವೆಗೆ ಅದನ್ನೇ ನೆಚ್ಚಬೇಡಿ. ಮೆಡಿಕಲ್ಲಲ್ಲಿ ಚೀಟಿಯಿಲ್ಲದೆ ಕೊಡೋ "ಬಿಳಿ ಮಾಡೋ" ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರೋದು ಮಾಮೂಲು, ಚರ್ಮ ತೆಳುವಾಗಿ ಕೆಂಪಾಗುತ್ತೆ.

ಗೋಣಿಕೊಪ್ಪ_ಗೌರಿ:
ಫಿಲ್ಲರ್? ಹುಬ್ಬಿನ ನಡುವೆಯೇ ತುಂಬಿಸ್ತೀವಿ ಅಂದ್ರು.

ಕಾಫಿಹೂ:
ಅಲ್ಲಿ ಬೇಡ. ಅಲ್ಲಿನ ರಕ್ತನಾಳಗಳು ಕಣ್ಣಿನ ನಾಳಗಳ ಜೊತೆ ಕೂಡಿಕೊಂಡಿವೆ. ಜೆಲ್ ಒಳಗೆ ಹೋದರೆ ದೃಷ್ಟಿಯೇ ಹೋಗಬಹುದು. ಬೇರೆ ಕಡೆಗಾದರೂ ಹಯಲುರಾನಿಕ್ ಆಸಿಡ್ ಫಿಲ್ಲರ್ ಮಾತ್ರ, ಅದನ್ನು ಕರಗಿಸೋ ಹಯಲುರಾನಿಡೇಸ್ ಕ್ಲಿನಿಕ್ಕಲ್ಲೇ ಇದೆಯಾ ಕೇಳಿ. ಹಾಕಿದ ಮೇಲೆ ಚರ್ಮ ಬಿಳುಚಿದರೆ, ಬಲೆಯಂತೆ ನೀಲಿಯಾದರೆ, ತಡೆಯಲಾರದ ನೋವಾದರೆ ತಕ್ಷಣ ವಾಪಸ್ ಹೋಗಬೇಕು, ಗಂಟೆಗಳ ಲೆಕ್ಕ ಅದು. ಆದ್ದರಿಂದ ಫಿಲ್ಲರ್ ಹಾಕಿಸಿದ ದಿನವೇ ಘಾಟಿ ಹತ್ತಿ ಊರಿಗೆ ಬರಬೇಡಿ.

ರಕ್ತ ತೆಳುವಾಗಿಸೋ ಮಾತ್ರೆ, ನರ-ಸ್ನಾಯು ಕಾಯಿಲೆ ಏನಿದ್ದರೂ ಮೊದಲೇ ಹೇಳಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಬೊಟಾಕ್ಸ್ ಆದ ಮೇಲೆ 4 ಗಂಟೆ ಮಲಗಬಾರದು, ಮುಖ ಉಜ್ಜಬಾರದು.