ಬಾಣಂತನ, ರೋಜಾ, ‘ಅಮ್ಮ’: ಹಳ್ಳಿ ಮಂದಿ ಜೋಡಿ ಆರೋಗ್ಯದ ಮಾತು ಹೆಂಗ ಆಡ್ತೀರಿ? ಅನುಭವ ಹಂಚಿಕೊಳ್ಳಿ

ಕೇಳಿದ್ದು:
ನಮಸ್ಕಾರ. ನಾನು ಮಂಡ್ಯದ ಕಡೆಯವಳು. ಗದಗ ಜಿಲ್ಲೆಯ ಒಂದು ಹಳ್ಳಿಯ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದಿದ್ದೀನಿ. ಊರಲ್ಲಿ ಲಿಂಗಾಯತರು, ಕುರುಬರು, ಮುಸ್ಲಿಮರು ಇದ್ದಾರೆ, ಪಕ್ಕದಲ್ಲೇ ಲಂಬಾಣಿ ತಾಂಡಾ. ಬಾಣಂತಿಗೆ ನೀರೇ ಕೊಡಲ್ಲ. ರಂಜಾನ್ ಬಂದರೆ ರೋಜಾ (ಉಪವಾಸ) ಅಂತ ಶುಗರ್ ಮಾತ್ರೆ ನಿಲ್ಲಿಸಿಬಿಡ್ತಾರೆ. ಮಗುವಿಗೆ ಗುಳ್ಳೆ ಎದ್ದರೆ ‘ಅಮ್ಮ ಬಂದಾಳ’ ಅಂತ ಬಾಗಿಲು ಹಾಕ್ಕೊಳ್ತಾರೆ. ನಾನು ಹೇಳಿದ್ದಕ್ಕೆಲ್ಲ ‘ಹೂಂರಿ ಮೇಡಮ್’ ಅಂತಾರೆ, ಮಾಡೋದು ಮಾತ್ರ ತಮ್ಮದೇ. ಈ ಭಾಗದವರು ಹೇಗೆ ಮಾತಾಡ್ತೀರಿ?

ನಿವೃತ್ತ ಸಿಸ್ಟರ್, ಶಿರಹಟ್ಟಿ ಕಡೆ:
ತಂಗಿ, ಮೊದಲ ಬಾಣಂತಿ ಜೋಡಿ ಅಲ್ಲ, ಆಕಿ ಅವ್ವನ ಜೋಡಿ ಮಾತಾಡು. ಚೊಚ್ಚಲ ಬಾಣಂತನ ತವರಾಗ ಇರತೈತಿ, ಆ ಖೋಲಿಯೊಳಗ ಏನು ನಡೀಬೇಕು ಅನ್ನೋದು ಹಿರಿ ಹೆಣಮಗಳ ಕೈಯಾಗ.

ಅವರ ಲೆಕ್ಕ ಏನಂದ್ರ, ಹಡದಾಕಿದು ಹಸಿ ಮೈ. ಥಂಡಿ ಹೊಕ್ರ ಜೀವನಪೂರ್ತಿ ಸೊಂಟನೋವು. ಭಾಳ ನೀರು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ನೆಗಡಿ. ಅದಕ್ಕ ಕಿವಿಗೆ ಅರಳಿ, ತಲಿಗೆ ಸ್ಕಾರ್ಫ್, ಮಂಚದ ಕೆಳಗ ಕೆಂಡ. ‘ಮೂಢನಂಬಿಕಿ’ ಅಂದಿ ಅಂದ್ರ ಮಾತು ಅಲ್ಲಿಗೇ ಮುಗೀತು. ನಾನು ಕೇಳ್ತಿದ್ದೆ, ‘ಯವ್ವಾ, ಬಿಸಿನೀರು ನಡೀತೈತಿಲ್ಲ?’ ಯಾರೂ ಇಲ್ಲ ಅಂದದ್ದಿಲ್ಲ. ಅಜವಾನ ಇಲ್ಲಾ ಜೀರಗಿ ಹಾಕಿ ಕುದಿಸಿದ ನೀರು ಅವರಿಗೆ ಔಷಧ ಇದ್ದಂಗ. ತಂಬಿಗಿ ತುಂಬಿ ತಲಿದಿಂಬಿನ ಹತ್ರ ಇಡಸ್ತಿದ್ದೆ, ಕೂಸಿಗೆ ಕುಡಿಸಿದಾಗೊಮ್ಮೆ ಒಂದು ಗ್ಲಾಸ್ ಕುಡೀಬೇಕು ಅಂತ. ನೀರು ಕಮ್ಮಿಯಾದ್ರ ಮಲ ಗಟ್ಟಿಯಾಗಿ ಹೊಲಿಗಿ ಜಾಗ ನೋಯತೈತಿ, ಉರಿಮೂತ್ರ ಬರತೈತಿ. ಇಷ್ಟು ಹೇಳಿದ್ರ ಸಾಕು, ಅವರೂ ಅನುಭವಿಸಿದವರ.

ಅಂಟಿನ ಉಂಡಿ, ಅಳ್ವಿ ಪಾಯಸ ಬ್ಯಾಡ ಅನ್ನಬ್ಯಾಡ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಅಂಟು, ತುಪ್ಪ, ಹಡದು ಹಣ್ಣಾದ ಮೈಗೆ ಇದೆಲ್ಲ ಬೇಕು. ಅಳ್ವಿಯೊಳಗ ಕಬ್ಬಿಣಾನೂ ಐತಿ. ‘ಉಂಡಿ ಜೋಡಿ ಈ ಗುಳಿಗಿನೂ’ ಅಂತ ಕಬ್ಬಿಣದ ಗುಳಿಗಿ ಕೈಯಾಗಿಡು, ಹೆರಿಗಿ ಆದಮ್ಯಾಲೂ 180 ದಿನ ನುಂಗಬೇಕು.

ಆದ್ರ ಗಟ್ಟಿಯಾಗೇ ಹೇಳಬೇಕಾದ್ದೂ ಅದಾವ. ಕದ ಕಿಟಕಿ ಮುಚ್ಚಿ ಇದ್ದಲಿ ಕೆಂಡ ಇಟ್ರ ಕಾರ್ಬನ್ ಮೊನಾಕ್ಸೈಡ್ ತುಂಬತೈತಿ. ಅದಕ್ಕ ವಾಸನಿ ಇಲ್ಲ, ಮಲಗಿದವರು ಏಳೂದೇ ಇಲ್ಲ. ಕಾಸೂದಿದ್ರ ಕಿಟಕಿ ತಗದು ಕಾಸ್ರಿ, ಮಲಗೂ ಮುಂದ ಕೆಂಡ ಹೊರಗ. ಮೊದಲ ಬರೂ ಹಳದಿ ಹಾಲು ಹಿಂಡಿ ಚೆಲ್ಲಬಾರದು, ಹುಟ್ಟಿದ ಒಂದು ತಾಸಿನೊಳಗ ಕುಡಿಸಬೇಕು. ಜೇನುತುಪ್ಪ ನೆಕ್ಕಿಸೂದು ವರ್ಷ ತುಂಬೂತನಕ ಬ್ಯಾಡೇ ಬ್ಯಾಡ.

ಮತ್ತ, ಹಡದ ಐದನೇ ದಿನ, ಐದೇಸಿ ದಿನ ತಪ್ಪದ ಹೋಗು. ಶೆಟಗೆವ್ವ ಬಂದು ಕೂಸಿನ ಹಣೆಬರಹ ಬರೀತಾಳ ಅಂತ ಓಣಿ ಹೆಣಮಕ್ಕಳೆಲ್ಲ ಕೂಡಿರ್ತಾರ. ಪೂಜೆ ಮುಗಿಯೂತನಕ ಕುಂತು, ಕೊಟ್ಟದ್ದು ತಿಂದು, ಆಮ್ಯಾಲ ಮಾತು ತಗಿ.

ಹಳೇ ಹುಬ್ಬಳ್ಳಿಯಿಂದ:
ಮೇಡಮ್, ನಮ್ಮ ಅಬ್ಬಾಗೆ ಶುಗರ್ ಇದೆ, ಅದಕ್ಕೇ ಬರೀತಿದ್ದೀನಿ. ‘ರೋಜಾ ಬಿಡಿ’ ಅಂತ ಬಾಯಿ ತೆಗೆದರೆ ಹಿರಿಯರು ಮುಂದಿನ ಮಾತು ಕೇಳೋದೇ ಇಲ್ಲ. ರಂಜಾನ್ ಶುರುವಾದ ಮೇಲೆ ಹೇಳಿದರೂ ತಡ. ಹಿಂದಿನ ಶಾಬಾನ್ ತಿಂಗಳಲ್ಲೇ ಕರೆದು ಕೂರಿಸಿ. ಕಾಯಿಲೆಯವರಿಗೆ ವಿನಾಯಿತಿ ಕುರಾನ್‌ನಲ್ಲೇ ಇದೆ. ಬಿಟ್ಟ ರೋಜಾ ಆಮೇಲೆ ಹಿಡಿಯಬಹುದು, ವಾಸಿಯಾಗದ ಕಾಯಿಲೆ ಇದ್ದವರು ಬದಲಿಗೆ ಬಡವರಿಗೆ ಊಟ ಕೊಡಬಹುದು. ಇದನ್ನ ನೀವು ಹೇಳೋದಕ್ಕಿಂತ ಮಸೀದಿಯ ಪೇಶ್ ಇಮಾಮರು ಶುಕ್ರವಾರ ಜುಮ್ಮಾ ದಿನ ಹೇಳಿದರೆ ಅದರ ತೂಕವೇ ಬೇರೆ. ಹೋಗಿ ಕೇಳಿ, ಇಲ್ಲ ಅನ್ನಲ್ಲ.

ಆದರೂ ಹಿಡಿಯೋರು ಹಿಡೀತಾರೆ. ಮಾತ್ರೆಯನ್ನ ಸಹರಿ (ನಸುಕಿನ ಊಟ), ಇಫ್ತಾರಿಗೆ (ಸಂಜೆ ಉಪವಾಸ ಮುಗಿಸೋ ಊಟ) ಹೊಂದಿಸಿಕೊಡೋದು ಡಾಕ್ಟರ ಕೆಲಸ, ತಾವೇ ಬದಲಾಯಿಸಬಾರದು. ಇನ್ಸುಲಿನ್ ತಗೊಳ್ಳೋರಿಗೆ ಅಪಾಯ ಜಾಸ್ತಿ. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುತ್ತೆ ಅನ್ನೋ ಹೆದರಿಕೆ ಬಹಳ ಜನಕ್ಕಿದೆ, ಮುರಿಯಲ್ಲ ಅಂತ ಧರ್ಮಪಂಡಿತರಾದ ಉಲೇಮಾಗಳೇ ಹೇಳ್ತಾರೆ. ಅಬ್ಬಾಗೆ ನಾವು ಇಳಿಹೊತ್ತಿನ ಅಸರ್ ನಮಾಜಿಗೆ ಮುಂಚೆ ನೋಡ್ತೀವಿ. 70ಕ್ಕಿಂತ ಕೆಳಗಿಳಿದರೆ, ಕೈ ನಡುಗಿ ಬೆವರಿದರೆ, ಹೊತ್ತು ಮುಳುಗಿದ ಮೇಲಿನ ಮಗರಿಬ್ ತನಕ ಕಾಯೋ ಹಾಗಿಲ್ಲ. ತಕ್ಷಣ ಸಕ್ಕರೆ ನೀರು ಕುಡಿಸಬೇಕು.

ತಾಂಡಾದವ, ಮುಂಡರಗಿ ತಾಲೂಕು:
ನಮ್ಮಲ್ಲಿ ದುಡಿಯಾಕ ಹೋಗೂ ಶಕ್ತಿ ಇದ್ರ ಅವ ಆರಾಮ ಅದಾನ ಅಂತ ಅರ್ಥ. ತಲಿ ತಿರುಗೂದು ನಿಂತಕೂಡ್ಲೇ ಬಿಪಿ ಗುಳಿಗಿ ಬಿಡೂದು ಅದಕ್ಕ. ನೀವು ಹಗಲು ಹನ್ನೊಂದಕ್ಕ ಬಂದ್ರ ಮುದುಕರು, ಹುಡುಗರು ಬಿಟ್ಟು ಯಾರೂ ಸಿಗಂಗಿಲ್ಲ. ತಾಂಡಾದ ಹಿರಿಯರಾದ ನಾಯಕನ್ನ, ಕಾರಭಾರಿನ್ನ ಕೇಳಿ ದಿನ ಗೊತ್ತುಮಾಡಿ ಸಂಜೀಕ ಸೇವಾಲಾಲ್ ಗುಡಿ ಮುಂದ ಬರ್ರಿ. ಗೋವಾ, ಮಂಗಳೂರಿಗೆ ಗುಳೆ ಹೋಗೂ ಮುಂಚೆ ತಾಯಿ ಕಾರ್ಡಿನಾಗ ಮುಂದಿನ ಲಸಿಕೆ ತಾರೀಖು ಬರದು ಕಳಸ್ರಿ, ಎಷ್ಟು ತಿಂಗಳ ಗುಳಿಗಿ ಕೊಡಾಕ ಬರತೈತೋ ಅಷ್ಟು ಕೊಟ್ಟುಬಿಡ್ರಿ. ಮುದುಕ್ಯಾರಿಗೆ ನಮ್ಮ ಲಂಬಾಣಿ ಮಾತು ಗೋರ್ ಬೋಲಿಯಾಗ ಹೇಳವರು ಬೇಕ ಬೇಕು.

ಹಾವೇರಿಯ ಒಬ್ಬ ತಾಯಿ:
ಚಿಕನ್ ಪಾಕ್ಸ್‌ಗೆ ಬಾಗಿಲು ಹಾಕ್ಕೊಳ್ಳೋದು ಒಳ್ಳೇದೇ ಅಲ್ವಾ ಮೇಡಮ್? ಹರಡೋ ರೋಗ. ಬೇವಿನ ತೊಪ್ಪಲು ಕಟ್ಟಿದ ಮನೆಗೆ ಹೊರಗಿನವರು ಕಾಲಿಡಲ್ಲ, ಗುಳ್ಳೆ ಒಣಗಿ ಹಕ್ಕಳೆ ಕಟ್ಟೋ ತನಕ ಮಗು ಶಾಲೆಗೂ ಹೋಗಲ್ಲ. ನೀವೂ ಹೊಸ್ತಿಲ ಹೊರಗೇ ನಿಂತು ಕೇಳಿ: ಜ್ವರ ಇಳೀತಾ, ಮೇಲುಸಿರು ಬರ್ತಿದೆಯಾ, ಮನೇಲಿ ಬಸುರಿ ಇದ್ದಾಳಾ. ಆಸ್ಪಿರಿನ್ ಕೊಡಬೇಡಿ ಅಂತ ಮಾತ್ರ ಹೇಳಿ. ಆದರೆ ಸಣ್ಣ ಕೆಂಪು ಗಂದೆ, ಕೆಮ್ಮು, ಕೆಂಪು ಕಣ್ಣು ಇದ್ದರೆ ಅದು ದಡಾರ, ನಮ್ಮ ಕಡೆ ‘ಗೊಬ್ಬರ’ ಅಂತಾರೆ. ಅದಕ್ಕೂ ದೇವಿಯ ಹೆಸರು ಹೇಳಿ ಸುಮ್ಮನಾಗೋರಿದ್ದಾರೆ. ಅಲ್ಲಿ ಸುಮ್ಮನಿರಬೇಡಿ, ವಿಟಮಿನ್ ಎ ಕೊಡಿಸಿ. 9 ತಿಂಗಳು ತುಂಬಿದ ಮೇಲಿನ ಲಸಿಕೆ, 16ರಿಂದ 24 ತಿಂಗಳೊಳಗಿನದ್ದು ಎರಡೂ ಆಗಿವೆಯಾ ನೋಡಿ.

ಧಾರವಾಡದಿಂದ:
ನೀವು ಕೇಳಿಲ್ಲ, ಆದರೂ ಮಾನಸಿಕ ಕಾಯಿಲೆ ಬಗ್ಗೆ ಹೇಳ್ತೀನಿ. ‘ಗಾಳಿ ಸೋಕೇತಿ’ ಅಂತ ಗುಡಿಗೋ ದರ್ಗಾಕ್ಕೋ ಕರೆದೊಯ್ಯೋರನ್ನ ತಡೀಬೇಡಿ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ ಜೊತೆಗೇ ಮನೋವೈದ್ಯರ ಔಷಧಿಯೂ ಸಿಗೋ ಹಾಗೆ ಮಾಡಿದ್ದರು. ನಮ್ಮ ಸಂಬಂಧಿಕರ ಮನೆಯವರೂ ಅಮವಾಸ್ಯೆಗೆ ಗುಡಿಗೆ ಹೋಗ್ತಾರೆ, ತಿಂಗಳಿಗೊಮ್ಮೆ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೂ ಬರ್ತಾರೆ. ಕಟ್ಟಿಹಾಕೋದು, ಹೊಡೆಯೋದು ಕಂಡರೆ ಮಾತ್ರ ನಯ ನಾಜೂಕು ಬಿಟ್ಟು ನಿಲ್ಲಿಸಿ. ರಾತ್ರಿ ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.