ವಿಂಡೋಸ್ 11 ಪ್ರೊ "ಲೈಫ್‌ಟೈಮ್" ಕೀ ಹಾಕಿಸಿದ್ದೆ, ಈಗ ಆ್ಯಕ್ಟಿವೇಟ್ ಮಾಡಿ ಅಂತಿದೆ [ಪರಿಹಾರವಾಗಿದೆ]

ಮಲ್ನಾಡ್_ಗೇಮರ್

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿ ಸೇಲ್ ಟೈಮಲ್ಲಿ ಒಂದು ಆನ್‌ಲೈನ್ ಅಂಗಡಿಯಿಂದ ವಿಂಡೋಸ್ 11 ಪ್ರೊ ಕೀ ತಗೊಂಡಿದ್ದೆ, 449 ರೂಪಾಯಿ. "ಲೈಫ್‌ಟೈಮ್, 100% ಜೆನ್ಯೂನ್" ಅಂತ ಹಾಕಿದ್ರು. ಲ್ಯಾಪ್‌ಟಾಪ್ ಜೊತೆ ಬಂದಿದ್ದು ಹೋಮ್. ಪ್ರೊ ಇದ್ರೆ ಗೇಮ್ ಸ್ಮೂತ್ ಓಡುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದ್ರು. ಕೀ ತಗೊಳ್ತಿಲ್ಲ ಅಂತ ಮೆಸೇಜ್ ಮಾಡಿದಾಗ ಅವರ ಕಡೆಯವರೊಬ್ಬರು ರಿಮೋಟಲ್ಲಿ ಬಂದು, ಕಮಾಂಡ್ ಪ್ರಾಂಪ್ಟ್ ತೆರೆದು ಏನೇನೋ ಟೈಪ್ ಮಾಡಿ ಸರಿ ಮಾಡಿಕೊಟ್ಟಿದ್ರು.

ಈಗ ಸ್ಕ್ರೀನಿನ ಬಲಮೂಲೆಯಲ್ಲಿ "ಆ್ಯಕ್ಟಿವೇಟ್ ವಿಂಡೋಸ್" ಅಂತ ವಾಟರ್‌ಮಾರ್ಕ್ ಬಂದಿದೆ, ಗೇಮ್ ಮೇಲೂ ಕಾಣುತ್ತೆ. ಸೆಟ್ಟಿಂಗ್ಸಲ್ಲಿ ನೋಡಿದ್ರೆ ಎರರ್ 0ಎಕ್ಸ್ ಸಿ004ಎಫ್074. ಅಂಗಡಿಯವರ ನಂಬರ್‌ಗೆ ಮೆಸೇಜ್ ಹಾಕಿದ್ರೆ ಒಂದೇ ಟಿಕ್. ಇದೇ ಥರ ಕೀ ಈಗ ಇನ್ನೊಂದು ಕಡೆ 299ಕ್ಕೆ ಇದೆ, ಅದನ್ನ ತಗೊಂಡು ಹಾಕ್ಲಾ? ಸ್ಟೀಮ್, ಎಪಿಕ್ ಎರಡರಲ್ಲೂ ಸೇರಿ ಡಿ ಡ್ರೈವಲ್ಲಿ 400 ಜಿಬಿ ಗೇಮ್ ಇದೆ. ನಮ್ಮ ಊರಿನ ನೆಟ್‌ನಲ್ಲಿ ಮತ್ತೆ ಡೌನ್‌ಲೋಡ್ ಮಾಡೋದು ಕಷ್ಟ.

ಬೂಟ್_ಡಿಸ್ಕ್

299ರ ಕೀ ದಯವಿಟ್ಟು ತಗೋಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಹುಡುಕಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎಸ್‌ಎಲ್‌ಎಂಜಿಆರ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಡಿಎಲ್‌ವಿ ಹಾಕಿ ಎಂಟರ್ ಒತ್ತಿ. ಸ್ವಲ್ಪ ಹೊತ್ತಿಗೆ ಒಂದು ಪೆಟ್ಟಿಗೆ ತೆರೆಯುತ್ತೆ. ಅದರಲ್ಲಿ ಮೂರು ವಿಷಯ ಬರೆದು ಕಳಿಸಿ: ಪ್ರಾಡಕ್ಟ್ ಕೀ ಚಾನೆಲ್ ಎದುರು ಏನಿದೆ, ಪಾರ್ಷಿಯಲ್ ಪ್ರಾಡಕ್ಟ್ ಕೀ ಎದುರು ಇರೋ ಐದು ಅಕ್ಷರ, ಕೆಎಂಎಸ್ ಮಷೀನ್ ನೇಮ್ ಅನ್ನೋ ಸಾಲು ಇದೆಯಾ. ಇನ್‌ಸ್ಟಲೇಶನ್ ಐಡಿ ಮಾತ್ರ ಇಲ್ಲಿ ಹಾಕಬೇಡಿ.

ಮಲ್ನಾಡ್_ಗೇಮರ್

ಚಾನೆಲ್: ವಾಲ್ಯೂಮ್, ಪಕ್ಕದಲ್ಲಿ ಜಿವಿಎಲ್‌ಕೆ. ಐದು ಅಕ್ಷರ: ಟಿ83ಜಿಎಕ್ಸ್. ಕೆಎಂಎಸ್ ಮಷೀನ್ ನೇಮ್ ಅಂತ ಇದೆ ಅಣ್ಣ, ಎದುರಿಗೆ ಯಾವುದೋ ವೆಬ್‌ಸೈಟ್ ಹೆಸರಿನ ಥರ ಇದೆ. ನಾನು ಕೇಳಿದ ಹೆಸರಲ್ಲ.

ಬೂಟ್_ಡಿಸ್ಕ್

ಹಾಗಾದರೆ ವಿಷಯ ಸ್ಪಷ್ಟ. ನಿಮಗೆ ಅವರು ಕೀ ಮಾರಿಯೇ ಇಲ್ಲ. ಟಿ83ಜಿಎಕ್ಸ್ ಅಂತ ಮುಗಿಯೋ ಕೀಯನ್ನು ಮೈಕ್ರೋಸಾಫ್ಟ್ ತನ್ನ ವೆಬ್‌ಸೈಟಿನಲ್ಲೇ ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ದೊಡ್ಡ ಕಂಪನಿ, ಕಾಲೇಜುಗಳ ಐಟಿ ವಿಭಾಗದವರು ನೂರಾರು ಪಿಸಿಗಳಿಗೆ ಹಾಕಿಕೊಳ್ಳಲಿ ಅಂತ ಕೊಟ್ಟ ಸಾರ್ವಜನಿಕ ಕೀ ಅದು, ವಾಲ್ಯೂಮ್ ಜಿವಿಎಲ್‌ಕೆ ಅಂದರೆ ಅದೇ. ಅದರಿಂದಲೇ ಲೈಸೆನ್ಸ್ ಸಿಗಲ್ಲ. "ನನ್ನ ಸಂಸ್ಥೆಯ ಸರ್ವರ್ ಹತ್ತಿರ ಹೋಗಿ ಒಪ್ಪಿಗೆ ಕೇಳು" ಅಂತ ವಿಂಡೋಸ್‌ಗೆ ಹೇಳೋದಷ್ಟೇ ಅದರ ಕೆಲಸ. ಆ ಸರ್ವರ್‌ಗೆ ಕೆಎಂಎಸ್ ಅಂತಾರೆ. ರಿಮೋಟಲ್ಲಿ ಬಂದವರು ಆ ಜಾಗದಲ್ಲಿ ತಮ್ಮ ಸರ್ವರ್ ವಿಳಾಸ ಸೇರಿಸಿದ್ದಾರೆ.

ಕೆಎಂಎಸ್ ಒಪ್ಪಿಗೆ 180 ದಿನಕ್ಕೆ ಮಾತ್ರ. ಮಾಮೂಲಿಯಾಗಿ ಪಿಸಿ 7 ದಿನಕ್ಕೊಮ್ಮೆ ಸರ್ವರನ್ನು ಮಾತಾಡಿಸಿ ಆ 180ನ್ನು ಮತ್ತೆ ಮೊದಲಿಂದ ಶುರು ಮಾಡಿಕೊಳ್ಳುತ್ತೆ. ಅವರ ಸರ್ವರ್ ಯಾವತ್ತೋ ನಿಂತಿದೆ, ಅಲ್ಲಿಂದ 180 ದಿನ ಸದ್ದಿಲ್ಲದೆ ಕಳೆದು ಈಗ ವಾಟರ್‌ಮಾರ್ಕ್ ಬಂದಿದೆ. ನಿಮ್ಮ ಎರರ್ ನಂಬರಿನ ಅರ್ಥವೂ ಅದೇ, ಕೆಎಂಎಸ್ ಸರ್ವರ್ ಸಿಗಲಿಲ್ಲ ಅಂತ. ಇದಕ್ಕೆ ಲೈಫ್‌ಟೈಮ್ ಅಂತ ಹೆಸರಿಟ್ಟು ಮಾರೋದು ಶುದ್ಧ ಮೋಸ. ಹಬ್ಬದ ಸೇಲ್ ಬಂದಾಗಲೆಲ್ಲ ಓದೋ ಹುಡುಗರು ಪಾಕೆಟ್ ಮನಿ ಕೂಡಿಟ್ಟು ಇದನ್ನು ಕೊಳ್ಳೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಅಗ್ಗದ ಕೀಗಳಲ್ಲಿ ಇನ್ನೊಂದು ಜಾತಿ ಎಂಎಕೆ. ಅದು ನಿಜವಾದ ಕೀಯೇ, ಆದರೆ ಯಾವುದೋ ಸಂಸ್ಥೆಗೆ ಇಂತಿಷ್ಟು ಪಿಸಿ ಅಂತ ಲೆಕ್ಕ ಹಾಕಿ ಕೊಟ್ಟದ್ದು. ಅಲ್ಲಿಂದ ಸೋರಿ ಹೊರಗೆ ಮಾರಾಟವಾಗುತ್ತೆ. ಲೆಕ್ಕ ಮುಗಿದರೆ 0ಎಕ್ಸ್ ಸಿ004ಸಿ020, ಮೈಕ್ರೋಸಾಫ್ಟ್ ಬ್ಲಾಕ್ ಮಾಡಿದರೆ 0ಎಕ್ಸ್ ಸಿ004ಸಿ003 ಬರುತ್ತೆ.

ಇನ್ನು ಸಮಾಧಾನದ ಸುದ್ದಿ. ನಿಮ್ಮ ಹತ್ತಿರ ಅಸಲಿ ಲೈಸೆನ್ಸ್ ಆಗಲೇ ಇದೆ. ಹೋಮ್ ಜೊತೆ ಬಂದ ಲ್ಯಾಪ್‌ಟಾಪ್ ಅಂದ್ರಲ್ಲ, ಅದರ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಬರೆದಿರುತ್ತೆ. ಯಾರೂ ಅದನ್ನ ಅಳಿಸಿಲ್ಲ. ಗೇಮ್ ಓಡಿಸೋಕೆ ಹೋಮ್‌ಗೂ ಪ್ರೊಗೂ ಫ್ರೇಮ್ ರೇಟಿನಲ್ಲಿ ವ್ಯತ್ಯಾಸ ಇಲ್ಲ. ಪ್ರೊನಲ್ಲಿ ಹೆಚ್ಚಿಗೆ ಇರೋದು ಪೂರ್ತಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ಎನ್‌ಕ್ರಿಪ್ಷನ್), ಹೈಪರ್-ವಿ, ಗ್ರೂಪ್ ಪಾಲಿಸಿ, ಬೇರೆ ಕಡೆಯಿಂದ ಈ ಪಿಸಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರೋ ಸೌಲಭ್ಯ, ಹೀಗೆ ಆಫೀಸಿನವರಿಗೆ ಬೇಕಾದದ್ದು. ಪೆನ್‌ಡ್ರೈವಿನಿಂದ ವಿಂಡೋಸ್ ಹೊಸದಾಗಿ ಹಾಕಿ ಹೋಮ್‌ಗೆ ವಾಪಸ್ ಹೋಗಿ.

ಹುಬ್ಳಿ_ಪಿಕ್ಸೆಲ್

ಬೂಟ್_ಡಿಸ್ಕ್ ಅವರ, ಹಂಗಾದ್ರ ಸೆಟ್ಟಿಂಗ್ಸ್‌ನ್ಯಾಗ "ರೀಸೆಟ್ ದಿಸ್ ಪಿಸಿ" ಒತ್ತಿದ್ರ ಸಾಕಲ್ರೀ? ಪೆನ್‌ಡ್ರೈವ್ ಉಸಾಬರಿ ಯಾಕ?

ಬೂಟ್_ಡಿಸ್ಕ್

ಸಾಕಾಗಲ್ಲ ಸರ್. ರೀಸೆಟ್ ಮಾಡಿದರೆ ಈಗಿರೋ ಎಡಿಷನ್ನೇ ಮತ್ತೆ ಕೂರುತ್ತೆ, ಅಂದರೆ ಪ್ರೊ. ಪ್ರೊನಿಂದ ಹೋಮ್‌ಗೆ ಫೈಲು, ಪ್ರೋಗ್ರಾಂ ಉಳಿಸಿಕೊಂಡು ಇಳಿಯೋ ಅಧಿಕೃತ ದಾರಿ ಇಲ್ಲ. ಪೆನ್‌ಡ್ರೈವಿನಿಂದ ಹೊಸದಾಗಿ ಹಾಕಲೇಬೇಕು.

ಮಲ್ನಾಡ್_ಗೇಮರ್, ಅದಕ್ಕೂ ಮುಂಚೆ ಈ ಎರಡು ಕೆಲಸ ಆಗಬೇಕು, ಹಿಂದುಮುಂದು ಮಾಡಬೇಡಿ.

ಬಿಟ್‌ಲಾಕರ್ ಮೊದಲು. ನೀವೇ ಆನ್ ಮಾಡದಿದ್ದರೂ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ. ಬ್ರೌಸರಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ಈ ಲ್ಯಾಪ್‌ಟಾಪ್ ಹೆಸರಿನಡಿ ರಿಕವರಿ ಕೀ ಇದೆಯಾ ನೋಡಿ. 48 ಅಂಕಿಯ ಸಂಖ್ಯೆ. ಕಾಗದದ ಮೇಲೆ ಬರೆದಿಡಿ. ಅದಿಲ್ಲದೆ ಹೊಸ ವಿಂಡೋಸ್ ಹಾಕಿದರೆ ಡಿ ಡ್ರೈವಿಗೆ ಬೀಗ ಬಿದ್ದು 400 ಜಿಬಿ ಗೇಮೂ ಫೋಟೋಗಳೂ ಒಳಗೇ ಉಳಿಯಬಹುದು. ಇನ್ನೂ ಒಳ್ಳೇದು ಅಂದರೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗೋವರೆಗೂ ಕಾಯಿರಿ.

ಆಮೇಲೆ, ರಿಮೋಟಲ್ಲಿ ಬಂದವರು ಬೇರೇನಾದರೂ ಬಿಟ್ಟು ಹೋಗಿದ್ದಾರಾ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಹೇಳಿ.

ಮಲ್ನಾಡ್_ಗೇಮರ್

ಬಿಟ್‌ಲಾಕರ್ ಕೀ ಖಾತೆಯಲ್ಲಿತ್ತು, ಬರೆದುಕೊಂಡೆ. ಎಕ್ಸ್‌ಕ್ಲೂಷನ್ಸಲ್ಲಿ ಪ್ರೋಗ್ರಾಂಡೇಟಾ ಒಳಗಿನ ಒಂದು ಫೋಲ್ಡರ್ ಇದೆ. ನಾನು ಸೇರಿಸಿದ್ದಲ್ಲ. ಟಾಸ್ಕ್ ಶೆಡ್ಯೂಲರ್ ನೋಡಿದ್ರೆ ಅದೇ ಫೋಲ್ಡರಿನ ಒಂದು ಫೈಲು ಪ್ರತಿ ಸಲ ಲಾಗಿನ್ ಆದಾಗ ಓಡೋ ಹಾಗೆ ಇಟ್ಟಿದ್ದಾರೆ. ಭಯ ಆಗ್ತಿದೆ ಅಣ್ಣ, ಇದೇ ಪಿಸಿಯಲ್ಲಿ ಅಪ್ಪನ ಬ್ಯಾಂಕ್ ಲಾಗಿನ್ನೂ ಇದೆ.

ಬೂಟ್_ಡಿಸ್ಕ್

ಈಗಲೇ ವೈಫೈ ಆಫ್ ಮಾಡಿ. ಆ ಫೈಲನ್ನು ತೆರೆಯಲೂಬೇಡಿ, ಯಾರಿಗೂ ಕಳಿಸಲೂಬೇಡಿ. ಅದು ಬರೀ ಆ್ಯಕ್ಟಿವೇಷನ್ ನವೀಕರಿಸೋ ಸ್ಕ್ರಿಪ್ಟೂ ಇರಬಹುದು, ಆದರೆ ಆಂಟಿವೈರಸ್ಸಿನ ಕಣ್ಣು ತಪ್ಪಿಸಿ ಇಟ್ಟಿದ್ದನ್ನು ನಂಬೋಕಾಗಲ್ಲ. 2021ರ ಡಿಸೆಂಬರಿನಲ್ಲಿ ರೆಡ್ ಕ್ಯಾನರಿ ಅನ್ನೋ ಭದ್ರತಾ ಸಂಸ್ಥೆ ಇಂಥದ್ದನ್ನೇ ಬಯಲು ಮಾಡಿತ್ತು. ಕೆಎಂಎಸ್‌ಪಿಕೋ ಹೆಸರಿನ ಆ್ಯಕ್ಟಿವೇಟರ್ ಜೊತೆ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಬರುತ್ತಿತ್ತು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕ್ರಿಪ್ಟೊ ವ್ಯಾಲೆಟ್ ಇವನ್ನೆಲ್ಲ ಕದಿಯೋದು ಅದರ ಕೆಲಸ.

ಫೋನಿನಿಂದ ಪಾಸ್‌ವರ್ಡ್ ಬದಲಾಯಿಸಿ, ಈ ಲ್ಯಾಪ್‌ಟಾಪಿನಿಂದ ಬೇಡ. ಮೊದಲು ಇಮೇಲ್, ಯಾಕಂದ್ರೆ ಉಳಿದ ಖಾತೆಗಳ ಬಾಗಿಲು ಅದರ ಮೂಲಕವೇ ತೆರೆಯೋದು. ಆಮೇಲೆ ಬ್ಯಾಂಕು. ಆಮೇಲೆ ಸ್ಟೀಮ್, ಎಪಿಕ್. ಸ್ಟೀಮಿನಲ್ಲಿ ಬೇರೆ ಎಲ್ಲಾ ಸಾಧನಗಳಿಂದ ಲಾಗೌಟ್ ಮಾಡಿಸಿ, ಸ್ಟೀಮ್ ಗಾರ್ಡ್ ಮೊಬೈಲ್ ಆ್ಯಪಿಗೆ ಕಟ್ಟಿ. ಅಪ್ಪನಿಗೆ ವಿಷಯ ಹೇಳಿಬಿಡಿ, ಬ್ಯಾಂಕಿನ ಮೆಸೇಜುಗಳ ಮೇಲೆ ಅವರೂ ಕಣ್ಣಿಡಲಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. 449 ರೂಪಾಯಿ ವಿಚಾರಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮೊತ್ತ ಚಿಕ್ಕದು ಅಂತ ಬಿಡಬೇಡಿ, ದೂರು ದಾಖಲಾದರೆ ಮುಂದಿನವರಿಗೆ ಅನುಕೂಲ.

ವಿಂಡೋಸ್ ಪೆನ್‌ಡ್ರೈವನ್ನು ಸ್ನೇಹಿತರ ಪಿಸಿಯಲ್ಲಿ ತಯಾರಿಸಿ. 8 ಜಿಬಿಯದ್ದು ಸಾಕು, ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ.

ಪೆಂಗ್ವಿನ್_ಪ್ರೇಮಿ

ಇಷ್ಟೆಲ್ಲ ಕಷ್ಟಪಡೋ ಬದಲು ಲಿನಕ್ಸ್ ಹಾಕಿ ನೋಡಬಹುದಲ್ವಾ? 2018ರಲ್ಲಿ ಸ್ಟೀಮ್ ಪ್ರೋಟಾನ್ ತಂದ ಮೇಲೆ ವಿಂಡೋಸ್ ಗೇಮ್‌ಗಳು ಎಷ್ಟೋ ಸಲೀಸಾಗಿ ಓಡ್ತವೆ. ಲೈಸೆನ್ಸ್ ಚಿಂತೆಯೇ ಇಲ್ಲ.

ಮಲ್ನಾಡ್_ಗೇಮರ್

ನಾವು ಗೆಳೆಯರೆಲ್ಲ ರಾತ್ರಿ ಆಡೋದು ವ್ಯಾಲರಂಟ್ ಸರ್. ಅದು ಓಡುತ್ತಾ?

ಪೆಂಗ್ವಿನ್_ಪ್ರೇಮಿ

ಇಲ್ಲ, ಅದರ ವ್ಯಾನ್‌ಗಾರ್ಡ್ ಆ್ಯಂಟಿಚೀಟ್ ಲಿನಕ್ಸಿನಲ್ಲಿ ನಡೆಯಲ್ಲ. ಫೋರ್ಟ್‌ನೈಟೂ ಹಾಗೇ. ಹಾಗಿದ್ರೆ ನಿಮಗೆ ವಿಂಡೋಸೇ ಸರಿ.

ಮಲ್ನಾಡ್_ಗೇಮರ್

ಪಾಸ್‌ವರ್ಡ್ ಎಲ್ಲಾ ಬದಲಾಯಿಸಿದೆ. ಅಪ್ಪ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಂದ್ರು, ಹಣ ಏನೂ ಹೋಗಿಲ್ಲ. ಪೆನ್‌ಡ್ರೈವ್ ರೆಡಿ. ಆದ್ರೆ ಇನ್‌ಸ್ಟಾಲ್ ಮಾಡೋವಾಗ ಡ್ರೈವ್ ಆರಿಸೋ ಪುಟ ಖಾಲಿ! ಒಂದು ಡಿಸ್ಕೂ ತೋರಿಸ್ತಿಲ್ಲ. ಎಸ್‌ಎಸ್‌ಡಿ ಹೋಯ್ತಾ?

ಬೂಟ್_ಡಿಸ್ಕ್

ಹೋಗಿಲ್ಲ, ಗಾಬರಿ ಬೇಡ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಅನ್ನೋ ನಿಯಂತ್ರಕದ ಹಿಂದೆ ಇರುತ್ತೆ. ಅದರ ಡ್ರೈವರ್ ಪೆನ್‌ಡ್ರೈವಿನಲ್ಲಿ ಇಲ್ಲದಿದ್ದರೆ ಡಿಸ್ಕ್ ಕಾಣಲ್ಲ. ನಿಮ್ಮ ಲ್ಯಾಪ್‌ಟಾಪ್ ಮಾಡೆಲ್ಲಿನ ಸಪೋರ್ಟ್ ಪುಟದಲ್ಲಿ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಹುಡುಕಿ, ಬಿಡಿಸಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿಗೆ ಹಾಕಿ. ಆ ಖಾಲಿ ಪುಟದಲ್ಲೇ "ಲೋಡ್ ಡ್ರೈವರ್" ಅಂತ ಇದೆ, ಆ ಫೋಲ್ಡರ್ ತೋರಿಸಿ.

ಡಿಸ್ಕ್ ಕಂಡ ಮೇಲೆ ನಿಧಾನಿಸಿ. ಸಿ ಡ್ರೈವಿನ ಪಾರ್ಟಿಷನ್ ಒಂದನ್ನೇ ಡಿಲೀಟ್ ಮಾಡಿ, ಆ ಖಾಲಿ ಜಾಗ ಆರಿಸಿ ಮುಂದಕ್ಕೆ ಹೋಗಿ. ಡಿ ಮುಟ್ಟಬೇಡಿ. ಯಾವುದು ಸಿ, ಯಾವುದು ಡಿ ಅಂತ ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ, ಇಲ್ಲಿ ಅಕ್ಷರ ತೋರಿಸಲ್ಲ. ಸಿ ಅಳಿಸೋದಕ್ಕೆ ಮುಂಚೆ ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್, ಆ್ಯಪ್‌ಡೇಟಾ ಈ ಮೂರರಲ್ಲಿ ಗೇಮ್ ಸೇವ್‌ಗಳು ಇವೆಯಾ ನೋಡಿ ಡಿಗೆ ಕಾಪಿ ಮಾಡಿ. ಸ್ಟೀಮ್ ಕ್ಲೌಡ್ ಎಲ್ಲಾ ಗೇಮಿಗೂ ಇರಲ್ಲ.

ಕೀ ಕೇಳಿದರೆ "ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ" ಒತ್ತಿ. ಬಹುತೇಕ ಕೇಳೋದೇ ಇಲ್ಲ, ಫರ್ಮ್‌ವೇರಿನ ಕೀ ಓದಿಕೊಂಡು ತಾನೇ ಹೋಮ್ ಹಾಕುತ್ತೆ.

ಗೇಮ್‌ಗಳು: ಹೊಸ ಸ್ಟೀಮ್ ಹಾಕಿದ ಮೇಲೆ ಸೆಟ್ಟಿಂಗ್ಸ್, ಸ್ಟೋರೇಜ್‌ಗೆ ಹೋಗಿ ಡಿಯಲ್ಲಿರೋ ಹಳೇ ಲೈಬ್ರರಿ ಸೇರಿಸಿ. ಎಲ್ಲಾ ಗೇಮ್ ಗುರುತಿಸುತ್ತೆ. ಒಂದೊಂದಕ್ಕೂ ಫೈಲ್ ಇಂಟೆಗ್ರಿಟಿ ವೆರಿಫೈ ಕೊಡಿ, ಈ ಸಲ ಭದ್ರತೆಗೂ ಅದು ಅಗತ್ಯ. ಎಪಿಕ್ ಅಷ್ಟು ಸುಲಭ ಇಲ್ಲ. ಹಳೇ ಗೇಮ್ ಫೋಲ್ಡರಿನ ಹೆಸರು ಬದಲಿಸಿ, ಅದೇ ಜಾಗದಲ್ಲಿ ಇನ್‌ಸ್ಟಾಲ್ ಶುರು ಮಾಡಿ, ಒಂದೆರಡು ಪರ್ಸೆಂಟ್ ಆದ ಮೇಲೆ ನಿಲ್ಲಿಸಿ ಲಾಂಚರ್ ಪೂರ್ತಿ ಮುಚ್ಚಿ. ಹೊಸದಾಗಿ ಹುಟ್ಟಿದ ಫೋಲ್ಡರ್ ಅಳಿಸಿ, ಹಳೇದಕ್ಕೆ ಮೊದಲಿನ ಹೆಸರು ಕೊಟ್ಟು ರೆಸ್ಯೂಮ್ ಒತ್ತಿ. ಇರೋ ಫೈಲುಗಳನ್ನು ಪರಿಶೀಲಿಸಿ, ಇಲ್ಲದ್ದನ್ನಷ್ಟೇ ಇಳಿಸುತ್ತೆ.

ಮಲ್ನಾಡ್_ಗೇಮರ್

ಆಯ್ತು!! ಡ್ರೈವರ್ ಹಾಕಿದ ತಕ್ಷಣ ಡಿಸ್ಕ್ ಬಂತು. ಕೀ ಕೇಳಲೇ ಇಲ್ಲ. ಇಂಟರ್ನೆಟ್ ಕೊಟ್ಟ ಮೇಲೆ ನೋಡಿದ್ರೆ "ಡಿಜಿಟಲ್ ಲೈಸೆನ್ಸ್ ಮೂಲಕ ಆ್ಯಕ್ಟಿವೇಟ್ ಆಗಿದೆ" ಅಂತ ಇದೆ. ಡಿಎಲ್‌ವಿಯಲ್ಲಿ ಚಾನೆಲ್ ಈಗ ಒಇಎಂ, ಪಕ್ಕದಲ್ಲಿ ಡಿಎಂ. ಕೆಎಂಎಸ್ ಸಾಲೇ ಇಲ್ಲ. ಎಕ್ಸ್‌ಕ್ಲೂಷನ್ಸ್ ಖಾಲಿ. ಸ್ಟೀಮ್ ಗೇಮ್ ಎಲ್ಲಾ ಸಿಕ್ಕಿತು, ಎಪಿಕ್‌ನಲ್ಲಿ ಒಂದು ಮಾತ್ರ ಪೂರ್ತಿ ಇಳಿಸಬೇಕಾಯ್ತು. ಡಿ ಡ್ರೈವಿಗೆ ಫುಲ್ ಸ್ಕ್ಯಾನ್ ಹಾಕಿದ್ದೀನಿ, ಇನ್ನೂ ಓಡ್ತಿದೆ. 1915ಕ್ಕೂ ದೂರು ಕೊಟ್ಟೆ. ತುಂಬಾ ಥ್ಯಾಂಕ್ಸ್ ಅಣ್ಣ.

ಬೂಟ್_ಡಿಸ್ಕ್

ಒಇಎಂ ಡಿಎಂ ಅಂದರೆ ಫ್ಯಾಕ್ಟರಿಯ ಕೀಯೇ ವಾಪಸ್ ಬಂದಿದೆ. ಖುಷಿಯಾಯ್ತು. ಹೊಸ ವಿಂಡೋಸ್ ಡಿಸ್ಕನ್ನ ಮತ್ತೆ ಎನ್‌ಕ್ರಿಪ್ಟ್ ಮಾಡಿರಬಹುದು, 24ಎಚ್2 ಆವೃತ್ತಿಯಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದು ತಾನಾಗೇ ಆಗೋದು ಸಾಮಾನ್ಯ. ಹಳೇ 48 ಅಂಕಿ ಈಗ ಸಿ ಡ್ರೈವಿಗೆ ನಡೆಯಲ್ಲ, ಹೊಸದನ್ನೂ ಬರೆದಿಡಿ.

ಡೀಲ್ಸ್ ವಿಭಾಗ ನೋಡಿಕೊಳ್ಳೋರಿಗೆ ಒಂದು ವಿನಂತಿ: ವಿಂಡೋಸ್, ಆಫೀಸ್ ಕೀಗಳ ಆಫರ್ ಹಾಕೋರು ಚಾನೆಲ್ ಯಾವುದು ಅಂತ ಬರೆಯಲೇಬೇಕು ಅನ್ನೋ ನಿಯಮ ತನ್ನಿ. ರಿಟೇಲಾ (ಬಿಡಿಯಾಗಿ ಮಾರಿದ್ದು), ಒಇಎಮ್ಮಾ (ಪಿಸಿ ಜೊತೆ ಬಂದದ್ದು), ವಾಲ್ಯೂಮಾ (ಸಂಸ್ಥೆಗಳಿಗೆ ಕೊಟ್ಟದ್ದು)? ವಾಲ್ಯೂಮ್ ಆಗಿದ್ದರೆ ಪೋಸ್ಟ್ ತೆಗೆದುಬಿಡಿ. ಅಮೆರಿಕದಲ್ಲಿ ಪ್ರೊ ಬೆಲೆ 199 ಡಾಲರ್ ಇರುವಾಗ ಅದು ಇಲ್ಲಿ ಊಟದ ಬೆಲೆಗೆ ಬರೋಕೆ ನ್ಯಾಯವಾದ ದಾರಿ ಇಲ್ಲ. ಗೇಮ್ ಡೀಲ್ ಹಾಗಲ್ಲ. ಸ್ಟೀಮ್ ಸೇಲಿನಲ್ಲಿ 90% ಕಡಿತ ಇದ್ದರೂ ಅದು ಪ್ರಕಾಶಕರೇ ಒಪ್ಪಿ ಕೊಟ್ಟ ಬೆಲೆ. ಎಪಿಕ್ 2018ರಿಂದ ಪುಕ್ಕಟೆ ಕೊಡ್ತಿರೋ ಗೇಮುಗಳಿಗೂ ದುಡ್ಡು ಕಟ್ಟೋದು ಎಪಿಕ್ಕೇ.

ಹುಬ್ಳಿ_ಪಿಕ್ಸೆಲ್

ಇದನ್ನ ಓದಿ ನನ್ನ ಪಿಸಿನೂ ನೋಡಿದ್ನಿ. ಐದ್ ಅಕ್ಷರ 3ವಿ66ಟಿ ಐತ್ರಿ, ಚಾನೆಲ್ ರಿಟೇಲ್. ಹುಡುಕಿದ್ರ ಇದೂ ಇಂಟರ್ನೆಟ್ ತುಂಬಾ ಐತಿ. ನನಗೂ ಮೋಸ ಆಗೇತೇನ್ರಿ? ನಾ ವಿಂಡೋಸ್ 10 ಪ್ರೊ ಅಸಲಿ ತಗೊಂಡು 11ಕ್ಕ ಅಪ್‌ಗ್ರೇಡ್ ಮಾಡಿದ್ದು.

ಬೂಟ್_ಡಿಸ್ಕ್

ಇಲ್ಲ ಸರ್, ನಿಮ್ಮದು ಸರಿಯಾಗಿದೆ. ಡಿಜಿಟಲ್ ಲೈಸೆನ್ಸ್ ಇರೋ ಪ್ರೊ ಪಿಸಿಗಳಲ್ಲಿ ವಿಂಡೋಸ್ ತಾನೇ ಆ ಸಾಮಾನ್ಯ ಕೀ ಇಟ್ಟುಕೊಳ್ಳುತ್ತೆ. ಅಸಲಿ ಒಪ್ಪಿಗೆ ಮೈಕ್ರೋಸಾಫ್ಟ್ ಸರ್ವರಿನಲ್ಲಿ ನಿಮ್ಮ ಹಾರ್ಡ್‌ವೇರ್ ಗುರುತಿನ ಜೊತೆ ಇರುತ್ತೆ. ಮುಂದೆ ಮದರ್‌ಬೋರ್ಡ್ ಬದಲಾಯಿಸೋ ಯೋಚನೆ ಇದ್ದರೆ ಈಗಲೇ ಮೈಕ್ರೋಸಾಫ್ಟ್ ಖಾತೆಗೆ ಲಿಂಕ್ ಮಾಡಿಡಿ, ಆಮೇಲೆ ಆ್ಯಕ್ಟಿವೇಷನ್ ಟ್ರಬಲ್‌ಶೂಟರಿನಲ್ಲಿ "ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಅನ್ನೋದನ್ನ ಒತ್ತಿದರೆ ಹಳೇ ಲೈಸೆನ್ಸ್ ಹೊಸ ಬೋರ್ಡಿಗೆ ತರೋಕೆ ಅವಕಾಶ ಇದೆ.

ಹುಬ್ಳಿ_ಪಿಕ್ಸೆಲ್

ಲಿಂಕ್ ಮಾಡಿದ್ನಿ ನೋಡ್ರಿ, "ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ ಡಿಜಿಟಲ್ ಲೈಸೆನ್ಸ್" ಅಂತ ಬಂತು.